ಲಿಲ್ಲಿಯ ಹೆಸರಿನಲ್ಲಿ

ನಾಯಿಯ ಕಾಯಿಲೆಯನ್ನು ಹೇಳಿದಷ್ಟು ಸಲೀಸಾಗಿ ನಮ್ಮ ಕಾಯಿಲೆಯನ್ನು ನಾವು ಹೇಳಿಕೊಳ್ಳಲಾರೆವು. ಬೇರೆಯವರ ಮಾತು ಬಿಡಿ, ನನ್ನ ಮಟ್ಟಿಗಂತೂ ಹೀಗೆ. ನಮ್ಮ ಲಿಲ್ಲಿ ಒಂದು ಹೊತ್ತು ಅನ್ನ ಬಿಟ್ಟಳೆಂದರೆ, ಆ ಅನ್ನಕ್ಕೆ ನಾನು ಹಾಲು ಹಾಕಿದ್ದೆನೋ ಮಜ್ಜಿಗೆ ಹಾಕಿದ್ದೆನೋ, ಅವಳು ಬಟ್ಟಲನ್ನು ಮೂಸಿ ಬಿಟ್ಟಳೋ ಮೂಸದೆಯೇ ಬಿಟ್ಟಳೋ, ಆಮೇಲೆ ಹೋಗಿ ಯಾವ ಮೂಲೆಯಲ್ಲಿ ಮಲಗಿದಳು, ಎಲ್ಲವನ್ನೂ ಪಶುವೈದ್ಯರ ಮುಂದೆ ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತೇನೆ. ಅದೇ ನನ್ನ ಸರದಿ ಬಂದು ಡಾಕ್ಟರು "ಏನಮ್ಮಾ ತೊಂದರೆ?" ಎಂದರೆ ಸಾಕು, ಸೆರಗು ಸರಿಮಾಡಿಕೊಂಡು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗುತ್ತೇನೆ.

ಇದರಲ್ಲಿ ನಾನು ಓದಿದ ಕಾನ್ವೆಂಟಿನ ಪಾಲೂ ಇದೆ. ಅಲ್ಲಿನ ಸಿಸ್ಟರುಗಳು ನಮಗೆ ಮೊಟ್ಟಮೊದಲು ಕಲಿಸಿದ್ದು, ಯಾರಾದರೂ ಹೇಗಿದ್ದೀಯ ಎಂದು ಕೇಳಿದರೆ "ಫೈನ್, ಥ್ಯಾಂಕ್ಯೂ" ಎನ್ನಬೇಕೆಂದು. ಒಮ್ಮೆ ಅಸೆಂಬ್ಲಿಯಲ್ಲಿ ಜ್ವರದಿಂದ ನಡುಗುತ್ತ ನಿಂತಿದ್ದಾಗ ಸಿಸ್ಟರ್ ಬಂದು ಕೇಳಿದರು. "ಫೈನ್, ಥ್ಯಾಂಕ್ಯೂ ಸಿಸ್ಟರ್" ಎಂದು ಮರ್ಯಾದೆಯಿಂದ ಉತ್ತರ ಕೊಟ್ಟು, ಆಮೇಲೆಯೇ ಬಿದ್ದೆ. ಪಾಠಗಳೇನೂ ಕಡಿಮೆ ಇರಲಿಲ್ಲ. ದಾಸವಾಳದ ಹೂವನ್ನು ಬಿಡಿಸಿ ಅದರ ಒಂದೊಂದು ಭಾಗಕ್ಕೂ ಹೆಸರು ಬರೆಯುವುದು ನನಗೆ ಈಗಲೂ ಬರುತ್ತದೆ. ನಮ್ಮದೇ ಮೈಯ ವಿಚಾರ ಬಂದಾಗ ಮಾತ್ರ ಕುತ್ತಿಗೆಯವರೆಗೆ ಪಾಠ ಮಾಡಿ, ಮುಂದಿನದನ್ನು ಮನೆಯಲ್ಲಿ ಓದಿಕೊಳ್ಳಿ ಎಂದರು. ಮನೆಯಲ್ಲಿ ಯಾರೂ ಓದಿಸಲಿಲ್ಲ. ಹೀಗಾಗಿ ಕುತ್ತಿಗೆಯಿಂದ ಕೆಳಗೆ ಏನೇ ತೊಂದರೆಯಾದರೂ ನನಗೆ ಮಾತು ಸಿಗುವುದಿಲ್ಲ. ಮಂಡಿಯ ಹತ್ತಿರ ಬಂದಮೇಲೆ ಮತ್ತೆ ಸಿಗುತ್ತದೆ. ಮಂಡಿ ನೋವಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ.

ಈ ಪೀಠಿಕೆ ಯಾಕೆಂದರೆ, ಹೋದ ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ, ಆ ಮಾತು ಸಿಗದ ಸೀಮೆಯಲ್ಲಿ, ಎಡಗಡೆಗೆ, ಏನೋ ಒಂದು ಕೈಗೆ ತಾಕಿತು. ಮೆಣಸಿನ ಕಾಳಿನಷ್ಟು. ಸೋಪಿನ ಚೂರು ಅಂಟಿಕೊಂಡಿರಬೇಕು ಎಂದುಕೊಂಡು ಎರಡು ಚೊಂಬು ನೀರು ಹೆಚ್ಚಾಗಿ ಹಾಕಿಕೊಂಡೆ. ಹೋಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅದು ತೊಗರಿಕಾಳಾಯಿತು. ಯುಗಾದಿಗೆ ಹೋಳಿಗೆಗೆ ಬೇಳೆ ಆರಿಸುತ್ತಾ ಕುಳಿತಿದ್ದಾಗ, ಈಗ ಅದು ಕಡಲೆಕಾಳಿನಷ್ಟಾಗಿದೆ ಎಂದು ಹೊಳೆದು, ಮೊರವನ್ನು ಕೆಳಗಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವವರೆಗೆ ಅದು ನನ್ನೊಬ್ಬಳ ಗಂಟು. ಹೇಳಿದ ದಿನದಿಂದ ಮನೆಮಂದಿಯದೆಲ್ಲ ಆಗುತ್ತದೆ.

ಡಾಕ್ಟರ ಬಳಿಗೆ ಹೋಗಲೇ ಇಲ್ಲವೆಂದಲ್ಲ. ಹೋಗಿದ್ದೆ. ಆದರೆ ಹೋಗುವಾಗಲೆಲ್ಲ ಜೊತೆಗೆ ನಮ್ಮ ಯಜಮಾನರು ಇರುತ್ತಾರೆ. ಅವರು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸಿದವರು. ಈಗ ಅದನ್ನು ಅಕ್ಕನ ಮಕ್ಕಳಿಗೆ ವಹಿಸಿ, ಹಳೇಬೀಡಿನಲ್ಲಿ ಕೆರೆ ಕಾಣುವ ಹಾಗೆ ಒಂದು ಮನೆ ಕಟ್ಟಿಸಿಕೊಂಡು ಆರಾಮಾಗಿದ್ದಾರೆ. ಮಂಡಿ ಬಿಟ್ಟರೂ ಮಂಡಿಯ ಅಭ್ಯಾಸ ಬಿಟ್ಟಿಲ್ಲ. ಎದುರಿಗೆ ಯಾರು ಕುಳಿತಿದ್ದರೂ ಮಾತು ತಾವೇ ಮುಗಿಸಬೇಕು. ನಮ್ಮನ್ನು ನೋಡುವ ಡಾಕ್ಟರು ಬೇಲೂರಿನಲ್ಲಿದ್ದಾರೆ, ನನ್ನ ಮದುವೆಯಾದ ಹೊಸದರಿಂದಲೂ ಪರಿಚಿತರು. ಅವರು ನನ್ನ ಕಡೆ ತಿರುಗಿ "ಏನಮ್ಮಾ?" ಎಂದು ಕೇಳುತ್ತಾರೆ, ಯಜಮಾನರು "ಗ್ಯಾಸು ಡಾಕ್ಟ್ರೇ, ರಾತ್ರಿ ಹೊತ್ತು ಮೊಸರು ತಿಂತಾಳೆ, ಬ್ಯಾಡ ಅಂದ್ರೆ ಕೇಳಲ್ಲ" ಎನ್ನುತ್ತಾರೆ. ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಾ "ಕೊಬ್ಬರಿ ರೇಟು ಹೆಂಗಿದೆ ಯಜಮಾನ್ರೇ?" ಎನ್ನುತ್ತಾರೆ. ಕೊಬ್ಬರಿಯ ಏರಿಳಿತ ಮುಗಿಯುವಷ್ಟರಲ್ಲಿ ನನಗೆ ಗುಲಾಬಿ ಬಣ್ಣದ ಸಿರಪ್ಪು ಬರೆದುಕೊಟ್ಟಾಗಿರುತ್ತದೆ. ಫ್ರಿಜ್ಜಿನ ಬಾಗಿಲಿನಲ್ಲಿ ಆ ಸಿರಪ್ಪಿನ ಬಾಟಲಿಗಳು ಸಾಲಾಗಿ ನಿಂತಿವೆ. ಗ್ಯಾಸು ನನಗೆ ಯಾವತ್ತೂ ಇರಲಿಲ್ಲ.

ಒಬ್ಬಳೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಮ್ಮೆ ಹೊರಟಿದ್ದೆ. ಬಸ್ಸಿನಲ್ಲಿ ಕಂಡಕ್ಟರು "ಏನಮ್ಮಾ, ಯಜಮಾನ್ರು ಬರ್ಲಿಲ್ವಾ?" ಎಂದ. ಪಕ್ಕದಲ್ಲಿ ಕುಳಿತ ಹೆಂಗಸು "ಆಸ್ಪತ್ರೆಗಾ?" ಎಂದಳು. ಗಾಬರಿಯಾಗಿ "ಇಲ್ಲ, ರವಿಕೆ ಹೊಲಿಯೋಕೆ ಕೊಡ್ಬೇಕಿತ್ತು" ಎಂದೆ. ಹೇಳಿದ ಮೇಲೆ ಬೇಲೂರಿನಲ್ಲಿ ಇಳಿದು ಟೈಲರ್ ಅಂಗಡಿಗೇ ಹೋದೆ. ಅವನು ಟೇಪು ಹಿಡಿದು ಬಂದಾಗ, ಹಳೇ ಅಳತೆಯಲ್ಲೇ ಹೊಲಿಯಪ್ಪ ಎಂದು ಹೇಳಿ ವಾಪಸ್ಸು ಬಸ್ಸು ಹತ್ತಿದೆ.

ಇನ್ನು ನಮ್ಮ ನಾಯಿಗಳು. ಎರಡಿವೆ. ಮೇಜರ್ ಹೆಸರಿಗೆ ಮಾತ್ರ ಮೇಜರ್. ಬಲೂನು ಮಾರುವವನು ಬಂದರೆ ಮಂಚದ ಕೆಳಗೆ ಹೋಗುತ್ತಾನೆ. ಲಿಲ್ಲಿ ಅವನಿಗಿಂತ ಹಿರಿಯಳು. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಾಫಿಪುಡಿ ಬಣ್ಣ. ಈಗ ಕಣ್ಣು ಮಂಜು, ಆದರೂ ಸಂಜೆ ಹೊತ್ತು ತಪ್ಪದೆ ದೇವಸ್ಥಾನದ ಹತ್ತಿರ ಹೋಗಿ, ಫೋಟೋ ತೆಗೆಸಿಕೊಳ್ಳಲು ಬಂದವರ ಕೈಯಿಂದ ಕ್ರೀಮ್ ಬಿಸ್ಕತ್ತು ತಿಂದು ಬರುತ್ತಾಳೆ. ಒಂದು ಸಂಜೆ ಹಾಗೆ ಬಂದವಳ ಹೊಟ್ಟೆ ಸವರುತ್ತಿದ್ದೆ. ಪಕ್ಕೆಯ ಕೆಳಗೆ ಒಂದು ಗಂಟು ಸಿಕ್ಕಿತು.

"ರೀ, ವ್ಯಾನು ತೆಗೀರಿ. ಲಿಲ್ಲಿಗೆ ಗಂಟಾಗಿದೆ" ಎಂದೆ.

"ಈಗ ಯಾವ ಡಾಕ್ಟ್ರು ಇರ್ತಾರೆ ಇವಳೇ? ನಾಳೆ ಹೋದ್ರಾಯ್ತು. ನಾಡಿದ್ದು ಹೋದ್ರೂ ಆಗುತ್ತೆ."

"ಗಂಟು ಅಂದ್ರೆ ತಮಾಷೆ ಅಂದ್ಕೊಂಡ್ರಾ? ಇಂಥದ್ದನ್ನೆಲ್ಲ ಸುಮ್ನೆ ಬಿಟ್ಕೊಂಡು ಕೂರ್ತಾರಾ ಯಾರಾದ್ರೂ?" ಎಂದು ನಾನು ಜೋರು ಮಾಡಿದೆ. ನನ್ನ ದನಿ ನನಗೇ ಕೇಳಿಸಿತು. ಒಳಗೆ ಹೋಗಿ ಕುಕ್ಕರ್ ತೊಳೆದೆ.

ಮರುದಿನ ಬೆಳಿಗ್ಗೆಯೇ ಬೇಲೂರಿನ ಪಶು ಆಸ್ಪತ್ರೆಗೆ ಹೋದೆವು. ಮೇಜರನೂ ಬಂದ, ಒಬ್ಬನೇ ಮನೆಯಲ್ಲಿರಲು ಅವನಿಗೆ ಭಯ. ಅಂಗಳದಲ್ಲಿ ಒಂದು ಎಮ್ಮೆ, ಎರಡು ಕರು, ಆಡು ಹಿಡಿದುಕೊಂಡ ಒಬ್ಬ ಹೆಂಗಸು. ಅಲ್ಲಿ ಪರದೆ ಇಲ್ಲ, ಬಾಗಿಲಿಲ್ಲ, ಯಾರ ಕಾಯಿಲೆಯೂ ಗುಟ್ಟಲ್ಲ. ಎಮ್ಮೆಯವನು ತನ್ನ ಎಮ್ಮೆಯ ಕೆಚ್ಚಲು ಬಾವಿನ ವಿಚಾರವನ್ನು ಇಡೀ ಅಂಗಳಕ್ಕೆ ಕೇಳುವಂತೆ ಹೇಳುತ್ತಿದ್ದ. ಎಲ್ಲರೂ ಕೇಳಿ, ಅಯ್ಯೋ ಪಾಪ ಎಂದು, ಅರಿಶಿನ ಹಚ್ಚಿ ನೋಡು ಎನ್ನುತ್ತಿದ್ದರು. ಆ ಎಮ್ಮೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಡಾಕ್ಟರು ಚಿಕ್ಕ ವಯಸ್ಸಿನವರು. ಲಿಲ್ಲಿಯನ್ನು ಮೇಜಿನ ಮೇಲೆ ಮಲಗಿಸಿ "ಯಾವಾಗಿಂದ ಇದೆ ಸಾರ್?" ಎಂದರು.

"ಇವಳನ್ನೇ ಕೇಳಿ. ನಾಯಿ ವಿಚಾರ ಎಲ್ಲಾ ಇವಳದೇ" ಎಂದರು ಯಜಮಾನರು.

ಅಷ್ಟೇ. ಯಾರೋ ಕಟ್ಟೆ ಒಡೆದಂತೆ ನಾನು ಹೇಳತೊಡಗಿದೆ. ಮೊದಲು ಮೆಣಸಿನ ಕಾಳಿನಷ್ಟಿತ್ತು ಎಂದೆ. ಆಮೇಲೆ ತೊಗರಿಕಾಳಿನಷ್ಟಾಯಿತು, ಒತ್ತಿದರೆ ಜಾರುತ್ತಿತ್ತು, ಈಗ ಜಾರುವುದಿಲ್ಲ ಎಂದೆ. ನೋವಿಲ್ಲ, ಆದರೆ ಎಡಗಡೆಗೆ ಮಲಗಲು ಆಗುವುದಿಲ್ಲ ಎಂದೆ. ಡಾಕ್ಟರು ಲಿಲ್ಲಿಯ ಬಲಪಕ್ಕೆಯನ್ನು ಒತ್ತಿ ನೋಡುತ್ತಿದ್ದವರು ತಲೆಯೆತ್ತಿದರು. ನಾನು ನಿಲ್ಲಿಸಲಿಲ್ಲ. "ಬೇರೆ ಹೊತ್ತು ಏನೂ ಅನ್ಸಲ್ಲ ಡಾಕ್ಟ್ರೇ. ಮೇಲಿನ ಶೆಲ್ಫಿಂದ ಡಬ್ಬ ಇಳಿಸೋವಾಗ ಮಾತ್ರ ಕಂಕುಳ ಹತ್ರ ಸೆಳೆಯುತ್ತೆ."

ಆಡು ಹಿಡಿದ ಹೆಂಗಸು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಸಿವನೇ! ನಿಮ್ ನಾಯಿ ಡಬ್ಬ ಇಳಿಸ್ತೈತಾ? ನಮ್ ಸೊಸೆಗೆ ಹೇಳಿದ್ರೂ ಇಳಿಸಾಕಿಲ್ಲ ಕಣ್ರವ್ವ!"

ಅಂಗಳವೆಲ್ಲ ನಕ್ಕಿತು. ನಾನೂ ನಗಲು ನೋಡಿದೆ. ಯಜಮಾನರು ನಗಲಿಲ್ಲ. ಮೇಜರನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ ನಿಂತಿದ್ದರು. ಡಾಕ್ಟರು ಲಿಲ್ಲಿಯನ್ನು ನಿಧಾನವಾಗಿ ಕೆಳಗಿಳಿಸಿ, ದನಿ ತಗ್ಗಿಸಿ ಹೇಳಿದರು. "ಲಿಲ್ಲಿದು ಕೊಬ್ಬಿನ ಗಂಟಮ್ಮ. ಏನೂ ಮಾಡೋದು ಬೇಡ, ಬಿಸ್ಕತ್ತು ಕಡಿಮೆ ಮಾಡಿ ಸಾಕು. ಆ ಇನ್ನೊಂದಿದೆಯಲ್ಲ, ಅದನ್ನ ಬೇಗ ತೋರಿಸಿ. ಅದಕ್ಕೆ ನಾನು ಡಾಕ್ಟ್ರಲ್ಲ."

ವಾಪಸ್ಸು ಬರುವಾಗ ಯಜಮಾನರು ಊರು ದಾಟಿ ಸ್ವಲ್ಪ ದೂರ ಬಂದಮೇಲೆ, ಒಂದು ರಾಗಿ ಹೊಲದ ಪಕ್ಕ ವ್ಯಾನು ನಿಲ್ಲಿಸಿದರು. ಇಂಜಿನ್ ಆರಿಸಿ, ಸ್ಟೀರಿಂಗ್ ನೋಡುತ್ತಲೇ ಕೇಳಿದರು.

"ಎಡಗಡೆನಾ?"

"ಹೂಂ."

"ಎಷ್ಟು ದೊಡ್ಡದು ಈಗ?"

"ಅಡಿಕೆಯಷ್ಟು."

"ಗೋಟಡಿಕೆನೋ, ಚೂರೋ?" ವ್ಯಾಪಾರ ಮಾಡಿದವರು, ದರ್ಜೆ ಕೇಳದೆ ಬಿಡುವುದಿಲ್ಲ. ಕೇಳಿದ ಮೇಲೆ ಅವರಿಗೇ ಏನೋ ಅನಿಸಿ, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಎಷ್ಟು ಒರೆಸಿದರೂ ಕನ್ನಡಕ ಸ್ವಚ್ಛವಾಗಲಿಲ್ಲ. "ನನ್ಹತ್ರ ಯಾಕೆ ಹೇಳ್ಲಿಲ್ಲ?"

"ಗ್ಯಾಸು ಅಂತ ನೀವೇ ಹೇಳ್ತಿದ್ರಲ್ಲ" ಎಂದೆ. ಅವರನ್ನು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಹಿಂದಿನ ಸೀಟಿನಲ್ಲಿ ಲಿಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಳು.

ಹಾಸನದಲ್ಲಿ ಲೇಡಿ ಡಾಕ್ಟರನ್ನು ಕಂಡೆವು. ಯಜಮಾನರು ಅಭ್ಯಾಸಬಲದಿಂದ "ಮೇಡಂ, ಇವಳಿಗೆ..." ಎಂದು ಶುರುಮಾಡಿದರು. ನರ್ಸಮ್ಮ ಅವರ ತೋಳು ಹಿಡಿದು, ಮಗುವನ್ನು ಕರೆದುಕೊಂಡು ಹೋಗುವಂತೆ ಹೊರಗೆ ಕೂರಿಸಿ ಬಂದಳು. "ಹೇಗಿದ್ದೀರಿ ಅಮ್ಮಾ?" ಎಂದರು ಡಾಕ್ಟರು. "ಚೆನ್ನಾಗಿದ್ದೀನಿ, ಥ್ಯಾಂಕ್ಯೂ ಡಾಕ್ಟರ್" ಎಂದುಬಿಟ್ಟೆ. ಆಕೆ ಪೆನ್ನು ಕೆಳಗಿಟ್ಟು "ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬಂದ್ರಿ?" ಎಂದರು. ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ, ಕಾಳುಗಳ ಸಮೇತ. ಆಕೆ ನೋಡಿದರು, ಸ್ಕ್ಯಾನ್ ಮಾಡಿಸಿದರು, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಏನೇ ಬರಲಿ, ಆಪರೇಷನ್ ಆಗಲೇಬೇಕು ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಆಕೆ ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ, ಸುಮ್ಮನೆ ಬರೆದುಕೊಂಡರು. ಬೈಯದ ಡಾಕ್ಟರನ್ನು ಕಂಡರೆ ನನಗೆ ಹೆದರಿಕೆ.

ಈಗ ರಿಪೋರ್ಟಿಗಾಗಿ ಕಾಯುತ್ತಿದ್ದೇವೆ. ಯಜಮಾನರು ಅಡುಗೆಮನೆಗೆ ಬಂದು, ಮೇಲಿನ ಶೆಲ್ಫಿನ ಡಬ್ಬಗಳನ್ನೆಲ್ಲ ತಾವೇ ಇಳಿಸಿ ನೆಲದ ಮೇಲೆ ಜೋಡಿಸಿದ್ದಾರೆ. ಉಪ್ಪಿನಿಂದ ಹಿಡಿದು ಹುಣಿಸೆಹಣ್ಣಿನವರೆಗೆ ಎಲ್ಲವೂ ಈಗ ನೆಲದಲ್ಲಿ. ಒಂದೊಂದಕ್ಕೂ ಬಗ್ಗಿ ಬಗ್ಗಿ ನನ್ನ ಮಂಡಿ ಹೋಗಿದೆ. ಮೇಜರ್ ಸಕ್ಕರೆ ಡಬ್ಬವನ್ನು ಪತ್ತೆ ಮಾಡಿದ್ದಾನೆ. ಆದರೂ ನಾನು ಅವುಗಳನ್ನು ಎತ್ತಿಡಲು ಹೋಗಿಲ್ಲ.

ನೆನ್ನೆ ಸಂಜೆ ಕಾಫಿ ತೆಗೆದುಕೊಂಡು ಹಿತ್ತಲಿಗೆ ಹೊರಟಿದ್ದೆ. ಸಪೋಟ ಮರದ ಕೆಳಗೆ ಕುಳಿತು ಅವರು ಅರಸೀಕೆರೆಯ ಅಕ್ಕನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದರು. ಈಚೆಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತನಾಡುವುದು. ನಾನು ಬಾಗಿಲ ಮರೆಯಲ್ಲೇ ನಿಂತೆ.

"ನಮ್ಮ ಲಿಲ್ಲಿಗೆ ಒಂದು ಗಂಟಾಗಿದೆ ಕಣಕ್ಕಾ."

"ಯಾವ ಲಿಲ್ಲಿಯೋ?"

"ನಾಯಿ ಕಣಕ್ಕಾ."

"ಥೂ ನಿನ್ನ! ಯಾರಿಗೋ ಏನೋ ಅಂತ ಎದೆ ಹಿಡ್ಕಂಡೆ."

"ಹಾಸನದಲ್ಲಿ ತೋರ್ಸಿದೀನಿ. ಸೂಜಿ ಹಾಕಿ ತೆಗ್ದು ಟೆಸ್ಟಿಗೆ ಕಳ್ಸವ್ರೆ. ಆಪರೇಷನ್ನಂತೆ."

"ನಾಯಿಗೆ ಆಪರೇಷನ್ನೇನೋ! ವಯಸ್ಸಾಗೈತಲ್ಲೋ ಅದಕ್ಕೆ, ಇನ್ನೆಷ್ಟು ವರ್ಷ ಇರ್ಬೇಕು?"

"ಇರ್ಲಿ ಅಕ್ಕಾ. ಇನ್ನೂ ಇರ್ಲಿ ಅದು" ಎಂದರು. ದನಿ ಒಡೆಯಿತು.

"ಏನೋ ಇದು, ಅಳ್ತಾ ಇದೀಯ? ನಾಯಿಗೆ ಹಿಂಗೆ ಅಳೋನು ಹೆಂಡ್ತಿಗೆ ಯಾವತ್ತಾದ್ರೂ ಅತ್ತಿದೀಯೇನೋ? ಬಾಣಂತಿಗೆ ಜ್ವರ ಬಂದಾಗ ಮಾತ್ರೆ ಕೊಟ್ಟು ಮಂಡಿಗೆ ಹೋಗಿದ್ಯಲ್ಲೋ ನೀನು!"

ಅಕ್ಕ ಬೈಯುತ್ತಲೇ ಹೋದರು, ಇವರು "ಹೂಂ ಅಕ್ಕಾ, ಹೂಂ" ಎನ್ನುತ್ತಲೇ ಹೋದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಫೋನು ಇಟ್ಟ ಮೇಲೆ ನಾನು ಕೆಮ್ಮಿ, ಚಪ್ಪಲಿ ಸದ್ದು ಮಾಡಿಕೊಂಡು ಹೋದೆ.

"ಅತ್ತಿಗೆ ಫೋನಾ? ಏನಂದ್ರು?"

"ಲಿಲ್ಲಿ ವಿಚಾರ ಕೇಳ್ತಿದ್ರು. ಹೆದರೋದು ಬ್ಯಾಡ, ಎಲ್ಲಾ ಸರಿ ಹೋಗುತ್ತೆ ಅಂದ್ರು."

"ಅತ್ತಿಗೆ ಹಾಗಂದ್ರಾ?"

"ಹೂಂ. ಹಾಗೇ ಅಂದ್ರು."

"ಹಾಗಾದ್ರೆ ಸರಿ" ಎಂದು ಲೋಟ ಕೊಟ್ಟೆ. ಆ ಆರಿದ ಕಾಫಿಯನ್ನು, ಬಿಸಿ ಇಲ್ಲ ಎಂದು ಗೊಣಗದೆ, ಅವರು ಪೂರ್ತಿ ಕುಡಿದರು. ಬದುಕಿನಲ್ಲಿ ಮೊದಲ ಸಲ.

ಗಂಡಸರಿಗೆ ಧೈರ್ಯ ಸಾಲದು, ಮಗಳಿಗಾದರೂ ನಾನೇ ನೇರವಾಗಿ ಹೇಳಿಬಿಡಬೇಕು ಎಂದುಕೊಂಡು ಈ ಬೆಳಿಗ್ಗೆ ಫೋನ್ ಮಾಡಿದೆ. ಅವಳು ತಿಪಟೂರಿನಲ್ಲಿ ಶಾಲೆಯ ಟೀಚರ್. ನಾಯಿಯೆಂದರೆ ಅಷ್ಟಕ್ಕಷ್ಟೆ. ಅವಳು "ಹಲೋ, ಹೇಗಿದೀಯಮ್ಮಾ?" ಎಂದ ಕೂಡಲೇ ನಾನು ಕಂಠಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. "ನಾನು ಚೆನ್ನಾಗಿದ್ದೀನಿ ಪುಟ್ಟಾ. ಲಿಲ್ಲಿಗೆ ಆಪರೇಷನ್ ಇದೆ. ಒಂದು ವಾರ ಬಂದಿರ್ತೀಯಾ?" ಎಂದೆ.

"ನಾಯಿ ಆಪರೇಷನ್ನಿಗೆ ರಜ ಹಾಕ್ಲಾ? ಹೆಡ್‌ಮಿಸ್‌ಗೆ ಏನಂತ ಹೇಳ್ಲಮ್ಮಾ?"

"ಅಮ್ಮಂಗೆ ಹುಷಾರಿಲ್ಲ ಅಂತ ಹೇಳು."

"ಚೆನ್ನಾಗಿರೋರಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳ್ಬಾರ್ದಮ್ಮಾ" ಎಂದು ಅವಳು ನಕ್ಕಳು. "ಹೋಗ್ಲಿ ಬಿಡು, ನಿನಗೋಸ್ಕರ ಒಂದು ಸುಳ್ಳು ಹೇಳಿ ಬರ್ತೀನಿ."

"ಬಾ ಪುಟ್ಟಾ" ಎಂದೆ. "ಬೇಗ ಬಾ. ಲಿಲ್ಲಿ ತುಂಬಾ ಹೆದರ್ಕೊಂಡಿದ್ದಾಳೆ."