ಬಾಣಲೆಗೊಂದು ಶಸ್ತ್ರಚಿಕಿತ್ಸೆ

ಗಂಡ ನಿವೃತ್ತನಾದರೆ ಹೆಂಡತಿಗೆ ಆರಾಮ ಎಂದು ಯಾರೋ ಹೇಳಿದ್ದನ್ನು ನಾನು ನಂಬಿದ್ದೆ. ಹೇಳಿದವರಿಗೆ ಮದುವೆಯಾಗಿರಲಿಕ್ಕಿಲ್ಲ.

ನಮ್ಮವರು ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಕತ್ತರಿ ಚಿಮಟಗಳನ್ನು ತೊಳೆದು, ಕುದಿಸಿ, ಬಟ್ಟೆಯಲ್ಲಿ ಸುತ್ತಿ ತಾರೀಖು ಬರೆದಿಡುವ ವಿಭಾಗದ ಮೇಲ್ವಿಚಾರಕರಾಗಿದ್ದರು. ಮನೆಯಲ್ಲಿ ಮಾತ್ರ ತಾವು ಕುಡಿದ ಲೋಟವನ್ನು ಎತ್ತಿಟ್ಟ ದಾಖಲೆಯಿಲ್ಲ. (ಅದು ಬೇರೆ ವಿಭಾಗ. ನನ್ನದು.) ಕಳೆದ ತಿಂಗಳು ಒಂದು ಗೋಡೆ ಗಡಿಯಾರ ಕೊಟ್ಟು ಅವರನ್ನು ಮನೆಗೆ ಕಳಿಸಿದರು. ಒಂದು ವಾರ ಗಡಿಯಾರ ನೋಡಿದರು. ಎರಡನೆಯ ವಾರ ನನ್ನ ಅಡಿಗೆಮನೆಗೆ ನುಗ್ಗಿದರು. ಉದ್ಯೋಗ ಮುಗಿಯಿತು, ಉಜ್ಜೋ ಯೋಗ ಶುರುವಾಯಿತು.

ಚಾಕು, ಸೌಟು, ಜರಡಿ ಎಲ್ಲವೂ ಬಿಳಿ ಬಟ್ಟೆಯ ಗಂಟುಗಳಾದವು. ಒಂದು ಈರುಳ್ಳಿ ಹೆಚ್ಚಲು ಗಂಟು ಬಿಚ್ಚಿದರೆ ಅದರಲ್ಲಿದ್ದ ಆರೂ ಚಾಕುಗಳನ್ನು, ಮುಟ್ಟದಿದ್ದರೂ, ಮತ್ತೆ ಕುದಿಸಬೇಕು. ನಿಯಮ! ಮರದ ಸೌಟೊಂದು ಮೂರನೆಯ ಕುದಿತಕ್ಕೆ ಸೀಳಿಕೊಂಡು ಪ್ರಾಣ ಬಿಟ್ಟಿತು. ಅದನ್ನೂ ಸಹಿಸಿದೆ. ಸಹಿಸಲಾಗದ್ದು ನಡೆದದ್ದು ಭಾನುವಾರ.

ನಮ್ಮತ್ತೆ ಸಾಯುವ ಮುಂಚೆ ತಮ್ಮ ಕಬ್ಬಿಣದ ಬಾಣಲೆಯನ್ನು ಮಗಳಿಗೆ ಕೊಡದೆ ನನಗೆ ಕೊಟ್ಟಿದ್ದರು. ಇಪ್ಪತ್ತಾರು ವರ್ಷ ನಾನದಕ್ಕೆ ಸೋಪು ತಾಗಿಸಿಲ್ಲ. ಬಿಸಿನೀರಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಮಗುವಿನಂತೆ ಜೋಪಾನವಾಗಿ ಗೂಟಕ್ಕೆ ತೂಗುಹಾಕುತ್ತಿದ್ದೆ. ಅದು ಪಳಗಿ ಪಳಗಿ ಕನ್ನಡಿಯಂಥ ಕಪ್ಪಾಗಿತ್ತು. ಮೊಟ್ಟೆ ಒಡೆದು ಹಾಕಿದರೆ ಜಾರುಬಂಡೆಯಾಡುತ್ತಿತ್ತು. ಆ ಬಾಣಲೆ ಕೈತಪ್ಪಿದ ನೋವು ನನ್ನ ನಾದಿನಿಗೆ ಇನ್ನೂ ಆರಿಲ್ಲ. ಪ್ರತಿ ಸಲ ಊಟಕ್ಕೆ ಬಂದಾಗಲೂ, "ಇದು ನಿಮ್ಮ ಕೈರುಚಿ ಅಲ್ಲ ಅತ್ತಿಗೆ, ಅಮ್ಮನ ಬಾಣಲೆ ರುಚಿ," ಎನ್ನುತ್ತಾಳೆ.

ಭಾನುವಾರ ಒಂದು ಗಂಟೆಗೆ ಅವಳು ಊಟಕ್ಕೆ ಬರುವವಳಿದ್ದಳು. ಹನ್ನೊಂದಕ್ಕೆ ನಾನು ತರಕಾರಿ ತಂದು ಒಳಗೆ ಬಂದರೆ, ನಮ್ಮವರು ಬೆವರು ಸುರಿಸುತ್ತ, ತಂತಿಬ್ರಷ್ ಹಿಡಿದು, ವಿಜಯೀ ಸೇನಾಪತಿಯಂತೆ ನಿಂತಿದ್ದರು.

"ನೋಡೇ ಇಲ್ಲಿ! ಏಳು ಪದರ ಕೊಳೆ! ಇಷ್ಟು ದಿನ ನಾವು ತಿಂದಿದ್ದು ಇದನ್ನೇ!"

ಕೈಯಲ್ಲಿ ಬಾಣಲೆ. ಬೂದುಬಣ್ಣಕ್ಕೆ ತಿರುಗಿ, ಬೋಳಿಸಿದ ತಲೆಯಂತೆ ಮಿಂಚುತ್ತಿತ್ತು.

"ರೀ... ಅದು ಕೊಳೆ ಅಲ್ಲಾರೀ! ಇಪ್ಪತ್ತಾರು ವರ್ಷ ನಾನು ಪಳಗಿಸಿದ್ದು!"

"ಕಪ್ಪು ಕಂಡರೆ ತಪ್ಪು. ನಮ್ಮ ವಿಭಾಗದಲ್ಲಿ ಇದು ಮೊದಲನೇ ಪಾಠ."

"ಹಾಗಾದ್ರೆ ನಿಮ್ಮ ತಲೆಕೂದಲಿಗೆ ಬಣ್ಣ ಯಾಕ್ರೀ ಹಚ್ಕೋತೀರ?"

ಅವರು ಬ್ರಷ್ ತೊಳೆಯಲು ಹೊರಟರು.

ಎರಡು ಗಂಟೆಯಲ್ಲಿ ಇಪ್ಪತ್ತಾರು ವರ್ಷವನ್ನು ಮರಳಿ ತರುವುದು ಹೇಗೆ? ಎಣ್ಣೆ ಸವರಿದೆ, ಕಾಯಿಸಿದೆ, ಮತ್ತೆ ಸವರಿದೆ. ಮನೆ ತುಂಬ ಹೊಗೆ. ಕಣ್ಣ ತುಂಬ ನೀರು (ಹೊಗೆಯಿಂದಲೇ ಎಂದು ಆಣೆಯಿಟ್ಟು ಹೇಳಲಾರೆ). ಆಲೂಗಡ್ಡೆ ಹೋಳು ಹಾಕಿದೆ. ಸಾಲ ಕೊಟ್ಟವನು ಬಾಗಿಲಿಗೆ ಅಂಟಿಕೊಂಡಂತೆ ಅಂಟಿಕೊಂಡವು. ಕೆರೆದು ಬಡಿಸಿದೆ.

ನಾದಿನಿ ಒಂದು ತುತ್ತು ತಿಂದು, ನನ್ನ ಮುಖ ನೋಡಿ, ಅತ್ಯಂತ ಮೃದುವಾಗಿ ಹೇಳಿದಳು: "ವಯಸ್ಸಾಗ್ತಾ ಬಂತಲ್ವಾ ಅತ್ತಿಗೆ, ಕೈ ಸೋಲುತ್ತೆ. ಅಮ್ಮನ ಬಾಣಲೆ ಆದ್ರೂ ಎಷ್ಟು ಅಂತ ಕಾಪಾಡುತ್ತೆ?"

"ಬಾಣಲೆಯೇ ಹಾಳಾಯ್ತು ಕಣೇ! ನಿಮ್ಮಣ್ಣ ಉಜ್ಜಿ ಕೊಂದುಹಾಕಿದ್ರು! ಇನ್ನದು ಯಾವ ಕೆಲಸಕ್ಕೂ ಬರಲ್ಲ!"

ಅವಳು ಒಳಗೆ ಓಡಿದಳು. ಹೊರಬಂದಾಗ ಬಾಣಲೆ ಅವಳ ಎದೆಗವಚಿಕೊಂಡಿತ್ತು.

"ಅಯ್ಯೋ ಅಣ್ಣಾ! ಒಳಗೆ ಇಷ್ಟು ಬೆಳ್ಳಗಿತ್ತಾ ಇದು? ಪಾಪ, ಎಷ್ಟು ವರ್ಷ ಉಜ್ಜದೇ ಬಿಟ್ಟಿದ್ರೋ! ಅತ್ತಿಗೆ, ನಿಮಗೆ ಹೇಗೂ ಕೆಲಸಕ್ಕೆ ಬರಲ್ಲ ಅಂದ್ರಲ್ಲ, ನಾನು ತಗೊಂಡು ಹೋಗ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತಾರೀಖು ಬರೆದು, ತಂಗಿಯ ಕೈಗಿಟ್ಟಾಗಿತ್ತು.

"ಜೊತೆಗೆ ನಿಮ್ಮಣ್ಣನನ್ನೂ ಕರ್ಕೊಂಡು ಹೋಗಮ್ಮ," ಎಂದು ಗೋಗರೆದೆ.

"ನಮ್ಮನೇಲೂ ಒಬ್ರು ರಿಟೈರ್ ಆಗಿದ್ದಾರಲ್ಲ ಅತ್ತಿಗೆ," ಎಂದವಳು ನಿಟ್ಟುಸಿರಿಟ್ಟಳು. ಆ ಒಂದು ಕ್ಷಣ ನಮ್ಮಿಬ್ಬರಲ್ಲಿ ನಿಜವಾದ ಬಾಂಧವ್ಯವಿತ್ತು.

ಮೂರು ದಿನ ಖಾಲಿ ಗೂಟ ನೋಡುತ್ತ ಕಳೆದೆ. ಬುಧವಾರ ಒಂದು ಚೀಲ ಬಂತು. ತೆರೆದರೆ ನನ್ನ ಬಾಣಲೆ! ನಡುವೆ ಒಂದು ಮೊಟ್ಟೆ, ಕಲ್ಲಿನಲ್ಲಿ ಕೆತ್ತಿದಂತೆ. ಕೆಳಗೆ ನಾದಿನಿಯ ಮನೆಯ ಇನ್ನೂ ನಾಲ್ಕು ಕಬ್ಬಿಣದ ಪಾತ್ರೆ, ಮೇಲೊಂದು ಚೀಟಿ:

"ಅತ್ತಿಗೆ, ಏನು ಹಾಕಿದರೂ ಹಿಡಿದುಕೊಳ್ಳುತ್ತದೆ. ಮೊದಲಿನಂತೆ ಕೊಳೆ ಮಾಡಿ ಕಳಿಸಿ. ಉಳಿದ ನಾಲ್ಕಕ್ಕೂ ಹಾಗೇ ಮಾಡಿ. ನಿಮಗೆ ಇಪ್ಪತ್ತಾರು ವರ್ಷದ ಅಭ್ಯಾಸವಿದೆ."

ಈಗ ಬೆಳಿಗ್ಗೆಯೆಲ್ಲ ನಾನು ಐದು ಪಾತ್ರೆಗೆ ಎಣ್ಣೆ ಸವರಿ ಕಾಯಿಸುತ್ತೇನೆ. ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚುತ್ತೇನೆ. ಎದ್ದಾಗ ಗೂಟದಲ್ಲಿ ಐದು ಬಿಳಿ ಗಂಟುಗಳು ತೂಗುತ್ತಿರುತ್ತವೆ. ಪ್ರತಿಯೊಂದರ ಮೇಲೂ ಅಂದಿನ ತಾರೀಖು.