ನೇರಳೆ ಬಣ್ಣದ ಮಾನ್ಯರಿಗೆ, ಮೂರನೇ ಮಹಡಿಯಿಂದ

ದೂರವಾಣಿ ಸಂಸ್ಥೆಯ ಸಿಗ್ನಲ್ ವ್ಯಾಪ್ತಿ ನಕ್ಷೆಗೆ ನೇರಳೆ ಬಣ್ಣ ಬಳಿಯುವ ವಿಭಾಗದ ಪರಮಪೂಜ್ಯ ಮುಖ್ಯಸ್ಥರಿಗೆ, ಕನ್ನಡಕದ ಅಂಗಡಿಯವನು ತನ್ನ ಮನೆಯ ಬಟ್ಟೆ ಬೀರುವಿನ ಪಕ್ಕ, ಸ್ಟೂಲಿನ ಮೇಲೆ ನಿಂತು ಮಾಡುವ ವಿನಮ್ರ ನಮಸ್ಕಾರಗಳು. ನಿಂತೇ ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಸ್ಟೂಲಿನಿಂದ ಇಳಿದರೆ ತಮ್ಮ ವ್ಯಾಪ್ತಿಯಿಂದಲೂ ಇಳಿದಂತೆ.

ಮಾನ್ಯರೇ, ಮೊದಲು ನನ್ನ ಹೆಂಡತಿಯ ಕೆಲಸದ ವಿಷಯ ಅರಿಕೆ ಮಾಡಿಕೊಳ್ಳಬೇಕು. ಅವಳು ಬದಲಿ ಶಿಕ್ಷಕಿ. ಯಾವ ಶಾಲೆಯಲ್ಲಿ ಯಾವ ಮೇಷ್ಟರಿಗೆ ಜ್ವರ ಬಂತು ಎಂಬುದನ್ನು ನೋಡಿಕೊಂಡು, ಬೆಳಗ್ಗೆ ಸರಿಯಾಗಿ ಆರು ಗಂಟೆಗೆ ಶಿಕ್ಷಣ ಕಚೇರಿಯ ಒಬ್ಬ ಗುಮಾಸ್ತೆ ಪಟ್ಟಿ ಹಿಡಿದು ಫೋನ್ ಮಾಡಲು ಕೂರುತ್ತಾರೆ. ನಮ್ಮ ಮನೆಯಲ್ಲಿ ಅವರ ಹೆಸರು ಪಟ್ಟಿಯಮ್ಮ. "ನನ್ನ ಹತ್ರ ನಲವತ್ತು ಜನ ಇದಾರೆ ತಾಯೀ, ಒಬ್ಬೊಬ್ರಿಗೆ ಮೂರೇ ರಿಂಗು" ಎನ್ನುವುದು ಅವರ ಕಾನೂನು. ಮೂರು ರಿಂಗಿನೊಳಗೆ ಎತ್ತದಿದ್ದರೆ ಆ ದಿನದ ಪಾಠ ಮುಂದಿನವರಿಗೆ ಹೋಗುತ್ತದೆ; ವರ್ಷದಲ್ಲಿ ಮೂರು ಸಲ ಹಾಗಾದರೆ ಆ ವರ್ಷದ ಪಟ್ಟಿಯಿಂದ ಹೆಸರೇ ಹೋಗುತ್ತದೆ. ಆದರೆ ಒಂದೇ ವರ್ಷದಲ್ಲಿ ನೂರು ದಿನ ಪಾಠ ಮಾಡಿದವರ ಹೆಸರು ಕಾಯಂ ಹುದ್ದೆಗೆ ಹೋಗುತ್ತದೆ. ನನ್ನ ಹೆಂಡತಿ ಎಂಬತ್ತೊಂಬತ್ತು ದಿನ ಮುಗಿಸಿದ್ದಳು. ಉಳಿದದ್ದು ಹನ್ನೊಂದು.

ಆಗ ನಾವು ಅಗ್ಗದ ಕಂಪನಿಯವರ ಗಿರಾಕಿಗಳಾಗಿದ್ದೆವು. ಆ ಪುಣ್ಯಾತ್ಮರ ದರ ಎಷ್ಟು ಕಡಿಮೆಯೆಂದರೆ, ಫೋನ್ ರಿಂಗಾಗುವುದೂ ದುಂದುವೆಚ್ಚವೆಂದು ಅವರೇ ನಿಲ್ಲಿಸಿಬಿಟ್ಟಿದ್ದರು. ಒಂದು ದಿನ ಏಳೂವರೆಗೆ, ನಾವು ತಿಂಡಿ ಮುಗಿಸಿ ಕೈ ತೊಳೆಯುವಾಗ, "ಆರು ಗಂಟೆಗೆ ತಮಗೊಂದು ಕರೆ ಬಂದಿತ್ತು" ಎಂಬ ಸಂದೇಶ ಇತಿಹಾಸದ ಪಾಠದಂತೆ ಬಂದು ಬಿತ್ತು. ಒಂದು ತಪ್ಪಿತು.

ಹೀಗಾಗಿ ವೇಗದ ಕಂಪನಿಗೆ ಹೋದೆವು. ಅವರ ವೇಗವನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು: ಎರಡೂವರೆ ಗಂಟೆಯ ಸಿನಿಮಾ ಕಣ್ಣು ಮಿಟುಕಿಸುವುದರೊಳಗೆ ಫೋನಿಗೆ ಇಳಿಯುತ್ತಿತ್ತು. ಅದು ಇಳಿಯುತ್ತಿದ್ದದ್ದು ಮಾತ್ರ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ, ಎರಡನೇ ಮಹಡಿ ದಾಟಿ ನಾಲ್ಕನೇ ಮೆಟ್ಟಿಲಿನವರೆಗೆ. ನಮ್ಮ ಜೊತೆಗಿರುವ ನಮ್ಮತ್ತೆ, "ಮೆಟ್ಟಿಲ ಮೇಲೆ ಕೂತು ಸಿನಿಮಾ ನೋಡೋಕೆ ನಾನೇನು ಗೇಟು ಕಾಯೋಳಾ?" ಎಂದು ಮೊದಲ ದಿನವೇ ಆ ಸಂಸ್ಥೆಯನ್ನು ತಿರಸ್ಕರಿಸಿದರು. ನನ್ನ ಹೆಂಡತಿ ತಿರಸ್ಕರಿಸುವಂತಿರಲಿಲ್ಲ. ದಿನವೂ ಆರಕ್ಕೆ ಹತ್ತು ನಿಮಿಷವಿರುವಾಗಲೇ ಶಾಲು ಹೊದ್ದು, ಮೆಟ್ಟಿಲ ಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಹಾಲು ಉಕ್ಕಿದ ವಾಸನೆಗೆ ಒಮ್ಮೆ ಒಳಗೆ ಓಡಿ ಬಂದಳು, ಒಂದೇ ನಿಮಿಷ. ಎರಡನೆಯದೂ ತಪ್ಪಿತು.

ಇನ್ನು ಹುಡುಗಾಟ ಸಾಕೆಂದು ನಾನೇ ಪರೀಕ್ಷೆಗೆ ಇಳಿದೆ. ಗಿರಾಕಿಯ ಕಣ್ಣಿಗೆ ಒಂದೊಂದೇ ಗಾಜು ಹಾಕಿ "ಇದು ಸ್ಪಷ್ಟವಾ, ಮೊದಲಿಂದು ಸ್ಪಷ್ಟವಾ?" ಎಂದು ಕೇಳುತ್ತಾ ಇಪ್ಪತ್ತೆರಡು ವರ್ಷ ಕಳೆದವನು ನಾನು, ಮೂರು ಕಂಪನಿಗಳನ್ನು ಹೋಲಿಸುವುದೇನು ಮಹಾ? ಅಂಗಡಿಯ ಭೂತಗನ್ನಡಿ ಹಿಡಿದು ಮೂವರ ನಕ್ಷೆಗಳನ್ನೂ ನೋಡಿದೆ. ತಮ್ಮದರ ಮುಂದೆ ಉಳಿದೆರಡು ಬೋಳು ಬೋಳು. ತಾವು ಬಿಟ್ಟ ಜಾಗವೇ ಇಲ್ಲ! ಊರು, ಕಾಡು, ಗುಡ್ಡದ ಆಚೆ ಬದಿ, ಕಡೆಗೆ ಕೆರೆಯ ನಡುಮಧ್ಯವೂ ಗಾಢ ನೇರಳೆ. ಅಲ್ಲಿನ ಮೀನುಗಳು ವಿಡಿಯೋ ಕರೆಯಲ್ಲಿ ಪರಸ್ಪರ ಮುಖ ನೋಡಿಕೊಂಡು ಮಾತಾಡುತ್ತಿರಬೇಕೆಂದು ನನಗೆ ಹೊಟ್ಟೆಕಿಚ್ಚಾಯಿತು.

ನಾವಿಬ್ಬರೂ ತಮ್ಮ ಮಳಿಗೆಗೆ ಬಂದೆವು. ನೇರಳೆ ಅಂಗಿಯ ತಮ್ಮ ಮಾರಾಟಗಾರರು ನಮ್ಮ ಮನೆಯ ಮೇಲೆಯೇ ಬೆರಳಿಟ್ಟು, "ನೋಡಿ ಮೇಡಂ, ಪೂರ್ತಿ ನೇರಳೆ" ಎಂದರು.

"ಮನೆ ಒಳಗೂ ಬರುತ್ತೇನಪ್ಪಾ?" ಎಂದಳು ನನ್ನ ಹೆಂಡತಿ.

"ನಕ್ಷೇಲಿ ಒಳಗೆ ಹೊರಗೆ ಅಂತ ಇರಲ್ಲ ಮೇಡಂ."

ಎಂಥ ದರ್ಶನ! ಈ ಮಾತು ಹೇಳಿದ ಮಹನೀಯರನ್ನು ಮಳಿಗೆಯಲ್ಲಿ ಕೂರಿಸಿ ಸಿಮ್ ಮಾರಿಸುತ್ತಿದ್ದೀರಲ್ಲ, ಆಶ್ರಮವೊಂದನ್ನು ಕಟ್ಟಿಸಿಕೊಡಬಾರದೇ? ವೇಗದವರಿಗಿಂತ ನಿಧಾನ, ಅಗ್ಗದವರಿಗಿಂತ ಎರಡು ಪಟ್ಟು ದುಬಾರಿ. ಆದರೂ ಆ ಬಣ್ಣಕ್ಕೆ ಮರುಳಾಗಿ ತಮ್ಮವರಾದೆವು.

ತಮ್ಮ ವ್ಯಾಪ್ತಿ ನಮ್ಮ ಮನೆಯಲ್ಲಿ ಇದ್ದದ್ದು ನಿಜ. ಎರಡು ಕೋಣೆ, ಅಡಿಗೆಮನೆ, ಬಚ್ಚಲುಮನೆ, ಬಟ್ಟೆ ಒಣಗಿಸುವ ಬಾಲ್ಕನಿ ಇವೆಲ್ಲವನ್ನೂ ಬಿಟ್ಟು, ಬೀರುವಿನ ನೆತ್ತಿಯ ಎಡಮೂಲೆಯಲ್ಲಿ, ಒಂದು ಅಂಗೈಯಷ್ಟು ಜಾಗದಲ್ಲಿ ಅದು ನೆಲೆಸಿತ್ತು. ದೇವರೂ ಇಷ್ಟು ಕಡಿಮೆ ಜಾಗದಲ್ಲಿ ಸರ್ವಾಂತರ್ಯಾಮಿಯಾದದ್ದನ್ನು ನಾನು ಕೇಳಿಲ್ಲ. ನನ್ನ ಹೆಂಡತಿ ಬೆಳಗಿನ ಆರಕ್ಕೆ ಪಾಠದ ಸೀರೆ ಉಟ್ಟು, ಚೀಲ ಹೆಗಲಿಗೇರಿಸಿ, ಸ್ಟೂಲು ಹತ್ತಿ ನಿಲ್ಲುವಳು. ನಾನು ಸ್ಟೂಲಿನ ಕಾಲು ಹಿಡಿಯುವೆ. ಹೀಗೆ ಏಳು ದಿನ ಪಾಠ ಸಿಕ್ಕಿತು, ಅದಕ್ಕೆ ತಮಗೆ ವಂದನೆ. ಉಳಿದದ್ದು ನಾಲ್ಕು.

ಕಳೆದ ಮಂಗಳವಾರ ಆರು ಗಂಟೆಗೆ ಫೋನ್ ಮೊಳಗಿತು, ಸಿಗ್ನಲ್ಲಿನ ಐದು ಗೆರೆಗಳೂ ತುಂಬಿ! ಮೊದಲ ರಿಂಗು ಮುಗಿಯುವ ಮೊದಲೇ ಎತ್ತಿ, "ಹೇಳಿ ಮೇಡಂ, ಹೊರಟೇಬಿಟ್ಟೆ!" ಎಂದಳು. ಸ್ಟೂಲಿನ ಕೆಳಗಿದ್ದ ನನಗೂ ಸ್ಪಷ್ಟವಾಗಿ ಕೇಳಿಸುವಂಥ ಮಧುರವಾದ ಧ್ವನಿಮುದ್ರಿತ ಕಂಠವೊಂದು, ನಮ್ಮ ವ್ಯಾಪ್ತಿಯಿಂದ ತಾವು ಎಷ್ಟು ಸಂತುಷ್ಟರಾಗಿದ್ದೀರಿ, ಒಂದರಿಂದ ಐದರವರೆಗೆ ಒತ್ತಿ ತಿಳಿಸಿ ಎಂದಿತು.

"ಯಾರೇ ಅದು?" ಎಂದರು ಅತ್ತೆ ಒಳಗಿನಿಂದ.

"ಕಂಪನಿಯವರಮ್ಮ. ನಾನು ಖುಷಿಯಾಗಿದೀನಾ ಅಂತ ಕೇಳ್ತಿದಾರೆ."

ಅವಳು ಆ ಕರೆ ಕಡಿಯುವಷ್ಟರಲ್ಲಿ, ಪಟ್ಟಿಯಮ್ಮನ ಕರೆ ಬಂದು, 'ಬೇರೆಯವರೊಂದಿಗೆ ಮಾತಿನಲ್ಲಿದ್ದಾರೆ' ಎಂಬ ಉತ್ತರ ಕೇಳಿಸಿಕೊಂಡು, ಮುಂದಿನ ಹೆಸರಿಗೆ ಹೋಗಿಯಾಗಿತ್ತು. ಮಧ್ಯಾಹ್ನ ಕಚೇರಿಗೇ ಹೋಗಿ ಕೇಳಿದಳು. ಪಟ್ಟಿಯಮ್ಮ ಕೆಟ್ಟವರಲ್ಲ. "ನಂಗೂ ಬೇಜಾರೇ ಕಣಮ್ಮ, ಆದ್ರೆ ನಿಂಗೆ ಬಿಟ್ರೆ ನಲವತ್ತು ಜನಕ್ಕೂ ಬಿಡ್ಬೇಕು" ಎಂದರಂತೆ. ತೊಂಬತ್ತಾರು ದಿನಗಳಿಗೆ ಅಲ್ಲೇ ಗೆರೆ ಬಿತ್ತು. ಮುಂದಿನ ವರ್ಷ ಮತ್ತೆ ಒಂದರಿಂದ ಎಣಿಕೆ.

ಮಾನ್ಯರೇ, ನಾವು ತಮ್ಮ ಮೇಲೆ ಕೋಪಿಸಿಕೊಂಡಿಲ್ಲ, ಛೆ ಛೆ. ತಮ್ಮ ಸ್ವಂತ ಕರೆ ಗೋಡೆ, ಬೀರು, ಮಹಡಿಗಳನ್ನೆಲ್ಲ ಸೀಳಿಕೊಂಡು ಬರುವ ಪರಿಗೆ ಬೆರಗಾಗಿದ್ದೇವೆ. ಆದ್ದರಿಂದ ಸಣ್ಣದೊಂದು ಬೇಡಿಕೆ: ಆ ಮಧುರ ಕಂಠದವರನ್ನೇ ಶಿಕ್ಷಣ ಕಚೇರಿಯ ಕೆಲಸಕ್ಕೆ ಕಳಿಸಿಕೊಡಿ. ಅದು ಆಗದಿದ್ದಲ್ಲಿ ನಮ್ಮ ಮೂವರಿಗೂ ತಮ್ಮ ನಕ್ಷೆಯೊಳಗೇ ಒಂದು ಬಾಡಿಗೆ ಮನೆ ದಯಪಾಲಿಸಿ. ನಾವು ವಾಸವಿರುವ ಊರಿಗಿಂತ ತಾವು ಬಿಡಿಸಿರುವ ಊರು ಬಲು ಚೆನ್ನಾಗಿದೆ. ಕೆರೆಯ ನಡುವೆ ಕೊಟ್ಟರೂ ಆದೀತು. ಅತ್ತೆಗೆ ಈಜು ಬರುತ್ತದೆ.

ಐದು ಗೆರೆಗಳ ನಿರೀಕ್ಷೆಯಲ್ಲೇ ಕಾಲು ಮರಗಟ್ಟಿರುವ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಈಗ ಬೆಳಗಿನ ಹೊತ್ತು ಬಿಡುವಾಗಿರುವ ನನ್ನ ಹೆಂಡತಿ ತಮ್ಮ ನಕ್ಷೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದಾಳೆ, ಲಗತ್ತಿಸಿದ್ದೇನೆ. ಬಣ್ಣ ಗೆರೆ ದಾಟಿದೆ, ನೋಡದೆ ಬರೆದದ್ದು, ಹತ್ತಕ್ಕೆ ಅರ್ಧ ಅಂಕ. ಆ ಅರ್ಧವೂ ಬೀರುವಿನ ಮೂಲೆಗೆ. ತಾವು ಇದನ್ನು ನೂರು ಸಲ ಬರೆದು, ಪೋಷಕರ ಸಹಿ ಮಾಡಿಸಿ, ಖುದ್ದಾಗಿ ತಂದು ಒಪ್ಪಿಸತಕ್ಕದ್ದು. ತೊಂಬತ್ತಾರಕ್ಕೆ ನಿಲ್ಲಿಸಿದರೆ ಮತ್ತೆ ಒಂದರಿಂದ ಶುರು.