ಏಳೂವರೆಯ ಗಂಡ

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಮುಗಿದಿತ್ತು. ಎಂಟನೆಯದು ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಮಹಾರಾಷ್ಟ್ರದ ಇಚಲಕರಂಜಿಗೆ ಹತ್ತಿದ ಕಬನೂರಿನಲ್ಲಿ ಸೋದರಮಾವನ ಪವರ್‌ಲೂಮಿಗೆ ನಿಂತೆ, ಮುಂದೆ ನನ್ನವೇ ಆರು ಮಗ್ಗ ಹಾಕಿದೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ನನ್ನ ಜೊತೆ ಕಲಿತವರಲ್ಲಿ ಒಬ್ಬ ಸಾಹೇಬನಾದ, ಒಬ್ಬ ಮಾಸ್ತರನಾದ. ಅವರ ಮೈಮೇಲಿನ ಬಟ್ಟೆ ನನ್ನಂಥವನೇ ನೇಯ್ದದ್ದು ಎಂದು ನೆನೆದರೆ ಸಾಕು, ನನ್ನ ಎದೆ ಒಂದು ಗೇಣು ಅಗಲವಾಗುತ್ತದೆ. ಯಾರನ್ನು ನೋಡಿಯೂ ಹೊಟ್ಟೆ ಉರಿದುಕೊಂಡವನಲ್ಲ ನಾನು. ಐವತ್ತು ದಾಟುವತನಕ ಹಾಗಂತಲೇ ತಿಳಿದಿದ್ದೆ. ಈಗ ಉರಿಯುತ್ತಿದೆ, ದಿನಾ ಸಂಜೆ ಏಳೂವರೆಗೆ ಸರಿಯಾಗಿ, ಟಿವಿಯೊಳಗಿನ ಒಬ್ಬ ಗಂಡನನ್ನು ನೋಡಿ. ಅವನ ಹೆಸರು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಈಗಾಗಲೇ ಬೇಕಾದಷ್ಟು ಸಲ ಕೇಳಿಬರುತ್ತದೆ.

ಒಂದು ಕಾಲಕ್ಕೆ ಟಿವಿ ನನ್ನ ಪಕ್ಷದಲ್ಲಿತ್ತು. ಮದುವೆಯಾದ ಮರುವರ್ಷ ಅದನ್ನು ಕೊಲ್ಹಾಪುರದಿಂದ ಎಸ್‌ಟಿ ಬಸ್ಸಿನಲ್ಲಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ನಮ್ಮ ಗಲ್ಲಿಗೆ ಅದೇ ಮೊದಲನೆಯದು. ಗಡಹಿಂಗ್ಲಜದಿಂದ ಸೊಸೆಯಾಗಿ ಬಂದ ನನ್ನ ಹೆಂಡತಿ ಸುರೇಖಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಗಲ್ಲಿಯ ಹೆಂಗಸರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬಂದು ಕೂಡುತ್ತಿದ್ದರು. ಆಗಿನ ಧಾರಾವಾಹಿಯ ಗಂಡ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಹೆಂಡತಿ ತಂಬಿಗೆ ನೀರು ಹಿಡಿದು ಓಡಿಬರುತ್ತಿದ್ದಳು. ಅವನು ಬೈದರೆ ಅವಳು ಅಳುತ್ತಿದ್ದಳು, ಅವಳ ಜೊತೆ ನಮ್ಮ ಚಾಪೆಯ ಮೇಲಿನ ಹೆಂಗಸರೆಲ್ಲ ಅಳುತ್ತಿದ್ದರು. ನಾನು ಹಿಂದೆ ಕುರ್ಚಿಯಲ್ಲಿ ಕೂತು ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದೆ. ನೀರು ಬರುತ್ತಿತ್ತು. ಆಮೇಲೆ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವ ಕಾಲ ಬಂತು. ಗಂಡಸರು ಸೋಫಾದ ಮೇಲೆ ಗೊಂಬೆಗಳ ಹಾಗೆ ಕೂತುಬಿಟ್ಟರು. ಅದನ್ನೂ ಸಹಿಸಿದೆ. ಸುಮ್ಮನೆ ಕೂತ ಗಂಡನಿಂದ ನನಗೇನೂ ಹಾನಿ ಇರಲಿಲ್ಲ.

ಈಗಿನವನು ಹಾಗಲ್ಲ. ಮನೆಗೆ ಬಂದವನೇ ಹೆಂಡತಿಯ ಮುಖ ನೋಡಿ, "ಸುಸ್ತಾಯ್ತಾ? ಕೂತ್ಕೋ, ಟೀ ನಾನ್ ಮಾಡ್ತೀನಿ" ಎನ್ನುತ್ತಾನೆ. ಸುರೇಖಾ ಮೆಂತ್ಯಸೊಪ್ಪು ಸೋಸುವ ಕೈ ನಿಲ್ಲಿಸಿ ಅವನನ್ನು ನೋಡುತ್ತಾಳೆ. ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ. ಒಮ್ಮೆ, ಒಂದೇ ಒಂದು ಸಲ ಹಾಗೆ ನೋಡಲಿ ಎನ್ನುವುದು ನನ್ನ ಆಸೆ.

"ಅವನ ಅಂಗಿ ನೋಡು," ಎಂದೆ ಒಂದು ದಿನ. "ಇಸ್ತ್ರಿ ಮುರಿದಿಲ್ಲ. ತಲಿಯಾಗ ಒಂದು ಹತ್ತಿ ಎಳಿ ಇಲ್ಲ. ಅಂವ ಕೆಲಸ ಯಾವಾಗ ಮಾಡ್ತಾನ?"

"ಕೆಲಸ ನೀವು ಮಾಡ್ತೀರಲ್ರಿ," ಎಂದಳು ಕಣ್ಣು ಕದಲಿಸದೆ. "ಮಾತು ಅಂವ ಆಡ್ತಾನ."

"ಮೊದಲಿನ ಗಂಡಂದಿರು ಛಲೋ ಇದ್ರು. ಈ ಟಿವಿ ಕೆಟ್ಟೈತಿ."

"ಟಿವಿ ಕೆಟ್ಟಿಲ್ರಿ. ಆಗ ನಾವು ಅಳತಿದ್ವಿ, ಅದೂ ಅಳೂದು ತೋರಸ್ತಿತ್ತು. ಈಗ ನಮಗ ಅತ್ತು ಅತ್ತು ಬ್ಯಾಸರ ಆಗೇತಿ. ಟಿವಿಗೆ ತಿಳೀತು, ನಿಮಗ ತಿಳೀಲಿಲ್ಲ."

ಮಗ್ಗದವರಿಗೆ ಒಂದು ವಿದ್ಯೆ ಇರುತ್ತದೆ. ಆ ಖಟಖಟದಲ್ಲಿ ಪಕ್ಕದವನ ಮಾತು ಕಿವಿಗೆ ಬೀಳುವುದಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳುತ್ತೇವೆ. ಆ ವಿದ್ಯೆಯಿಂದಲೇ ಅವನ ಕಳ್ಳತನ ಹಿಡಿದೆ. ಧಾರಾವಾಹಿ ಹಿಂದಿಯದು, ಕನ್ನಡದ ಮಾತನ್ನು ಮೇಲಿಂದ ಅಂಟಿಸಿದ್ದಾರೆ. ರಿಮೋಟ್ ಕಸಿದುಕೊಂಡು ಆವಾಜ್ ಬಂದ್ ಮಾಡಿ ಅಂದೆ, "ನೋಡು! ತುಟಿ ಬ್ಯಾರೆ, ಮಾತು ಬ್ಯಾರೆ. ಸುಸ್ತಾಯ್ತಾ ಅಂತ ಇಂವ ಕೇಳೇ ಇಲ್ಲ, ಕೇಳಿದಾಂವ ಯಾರೋ ಬಾಡಿಗಿಯಾಂವ!"

"ಹಿಂದಿಯಾಗರ ಕೇಳ್ಯಾನಲ್ರಿ," ಎಂದಳು. "ನಿಮ್ಮದನ್ನ ಡಬ್ಬಿಂಗ್ ಮಾಡ್ಬೇಕಂದ್ರ ಬಾಯಾಗಿಂದ ಮೊದಲ ಏನರ ಬರಬೇಕಲ್ಲ?"

ಆ ರಾತ್ರಿ ಊಟ ಸೇರಲಿಲ್ಲ. ದುಡಿಮೆಯಲ್ಲಿ ಯಾರಿಗೂ ಸೋಲದವನು ಒಂದು ಮಾತಿಗೆ ಸೋಲುವುದೇ? ಎರಡು ದಿನ ಮಗ್ಗದ ಮುಂದೆ ನಿಂತು ಅವನ ಆ ಚಹಾದ ಮಾತನ್ನು ಅಭ್ಯಾಸ ಮಾಡಿದೆ. ಮೂರನೆಯ ದಿನ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಗ್ಗದವರಿಗೆ ವಿದ್ಯೆ ಇರುವ ಹಾಗೆ ಒಂದು ದೋಷವೂ ಇದೆಯೆಂಬುದನ್ನು ಮರೆತೆ: ನಮಗೆ ಸಣ್ಣ ದನಿ ಎಂಬುದೇ ಇಲ್ಲ. ಅದರಲ್ಲೂ ನಾನು ಅಭ್ಯಾಸ ಮಾಡಿದ್ದು ಆರು ಮಗ್ಗದ ಸದ್ದಿನ ಮೇಲೆ.

"ಸುರೇಖಾ! ದಣದಿ ಏನು? ಕೂಡು! ಚಹಾ ನಾ ಮಾಡತೇನಿ!"

ಅವಳ ಕೈಯಿಂದ ತಾಟು ಬಿತ್ತು. ಎದುರು ಮನೆಯ ಶಾಂತಾಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದರು. "ಕಾಯ್ ಝಾಲಂ ಹೋ? ಭಾಂಡಣ್ ಕಾ?" ಏನಾಯಿತು, ಜಗಳವೇ ಎಂದು ಮರಾಠಿಯಲ್ಲಿ ಕೇಳುತ್ತ ಬಿಡಿಸಲು ಬಂದಿದ್ದರು ಪಾಪ.

ಸುರೇಖಾ ಸೆರಗು ಬಾಯಿಗೊತ್ತಿ ನಕ್ಕಳು. "ಭಾಂಡಣ್ ನಾಹೀ ಕಾಕು, ಪ್ರೇಮ್ ಆಹೇ!"

ಜಗಳವಲ್ಲ, ಪ್ರೇಮವೆಂದು ಕೇಳಿ ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಚಹಾದ ಸುದ್ದಿ ಬಿಟ್ಟು ಮಗ್ಗದ ಶೆಡ್ಡಿಗೆ ಹೋಗಿ ನಿಂತೆ.

ಮರುದಿನ ಸುರೇಖಾ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹೊತ್ತು ಶೆಡ್ಡಿಗೆ ಬಂದಳು. ಮೂವತ್ತು ವರ್ಷದಿಂದ ನಮ್ಮ ಮಗ್ಗಗಳಿಗೆ ಕಂಡಿಕೆ ಸುತ್ತುವವಳು ಅವಳೇ. ಆರೂ ಮಗ್ಗ ಓಡುತ್ತಿದ್ದವು. ಅವಳು ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತದ್ದನ್ನು ಕಂಡೆ. ಎಷ್ಟು ವರ್ಷದಿಂದ ಹಾಗೆ ನಿಲ್ಲುತ್ತಿದ್ದಳೋ, ನಾನು ನೋಡುತ್ತಿದ್ದದ್ದು ಬುಟ್ಟಿಯನ್ನು ಮಾತ್ರ. ದನಿಯಿಲ್ಲದೆ, ತುಟಿಯಲ್ಲಷ್ಟೇ ಕೇಳಿದೆ, "ದಣದಿ ಏನು?"

ಅವಳಿಗೂ ಆ ವಿದ್ಯೆ ಬರುತ್ತಿತ್ತು. ನೋಡಿದಳು. ಅದೇ ಏಳೂವರೆಯ ನೋಟ, ಒಂದು ಗಳಿಗೆ, ಹಗಲು ಹನ್ನೊಂದಕ್ಕೆ. ಆಮೇಲೆ ಅವಳ ತುಟಿ ಅಲ್ಲಾಡಿತು.

"ಭಾಳ. ಚಹಾ ಮಾಡ್ರಿ."

ಅಂದಿನಿಂದ ದಿನಾ ಸಂಜೆ ಚಹಾ ನಾನೇ ಮಾಡುತ್ತೇನೆ. ಅವನ ಚಹಾವನ್ನು ಅವಳು ಒಂದು ದಿನವೂ ಕುಡಿದಿಲ್ಲ, ನನ್ನದನ್ನು ಕುಡಿಯುತ್ತಾಳೆ. ಆದರೆ ಕುಡಿಯುತ್ತ ನೋಡುವುದು ಅವನನ್ನೇ. ಹೀಗಾಗಿ ಈಗ ನನ್ನ ಹತ್ತಿರ ಇರುವುದು ಏಳು ಇಯತ್ತೆ, ಆರು ಮಗ್ಗ, ಎರಡು ಕಪ್ಪು, ಒಂದು ಟಿವಿ, ಒಬ್ಬಳು ಹೆಂಡತಿ. ಏಳೂವರೆಯಿಂದ ಎಂಟರತನಕ ಹೆಂಡತಿಯನ್ನು ಬಿಟ್ಟು ಉಳಿದದ್ದು ಮಾತ್ರ.